ಬೇಸಿಗೇಲಿ ನಾಯಿಗೆ ಯಾವ ವ್ಯಾಯಾಮ ಸರಿ: ಬೆಳಗಿನ ವಾಕಾ, ಈಜಾ, ಮನೆಯೊಳಗಿನ ಆಟನಾ?

ಮೊದ್ಲೇ ಹೇಳ್ಬಿಡ್ತೀನಿ, ಮಾರ್ಚ್‌ನಿಂದ ಮೇ ಕೊನೆವರೆಗೂ ಬಾಲ್ ಎಸೆದು ಓಡಿಸೋ ಆಟಕ್ಕೆ ರಜೆ ಕೊಟ್ಬಿಡಿ. ಉಳಿದಿದ್ದೆಲ್ಲಾ ಊರು ನೋಡ್ಕೊಂಡು, ನಾಯಿ ನೋಡ್ಕೊಂಡು, ಟೈಮ್ ನೋಡ್ಕೊಂಡು ಮಾಡ್ಬಹುದು, ಬಾಲ್ ಮಾತ್ರ ಬೇಡ. ಯಾಕಂದ್ರೆ ಬಾಲ್ ಹಿಂದೆ ಬಿದ್ದಿರೋ ನಾಯಿಗೆ ಸಾಕು ಅನ್ಸೋದೇ ಇಲ್ಲ, ಅದ್ರಲ್ಲೂ ಲ್ಯಾಬ್ರಡಾರ್ ಇದ್ರಂತೂ ಏದುಸಿರು ಬಿಡ್ತಾ ಬಿಡ್ತಾನೇ ಬಾಲ್ ತಂದು ನಿಮ್ಮ ಕಾಲ ಹತ್ರ ಹಾಕಿ ಇನ್ನೊಂದ್ಸಲ ಅಂತ ಮುಖ ನೋಡುತ್ತೆ, ನಾವು ಅಯ್ಯೋ ಎಷ್ಟು ಖುಷಿಯಾಗಿದೆ ಅಂತ ಇನ್ನೊಂದ್ಸಲ ಎಸೀತೀವಿ, ಹಿಂಗೇ ಹತ್ತು ನಿಮಿಷದಲ್ಲಿ ಮೈ ಕಾದಿರುತ್ತೆ.

ಬಿಸಿಲು ಅಂದ್ರೆ ಮೇಲಿಂದ ಬರೋದು ಅಂತಷ್ಟೇ ನಾವು ಯೋಚನೆ ಮಾಡೋದು, ಆದ್ರೆ ನಾಯಿಗೆ ದೊಡ್ಡ ತೊಂದ್ರೆ ಒಳಗಿಂದ ಬರೋ ಶಾಖದ್ದು. ಓಡಿದಾಗ ಮಾಂಸಖಂಡ ಕೆಲಸ ಮಾಡಿ ಶಾಖ ಹುಟ್ಟುತ್ತೆ, ಅದು ಹೊರಗೆ ಹೋಗ್ಬೇಕಲ್ಲ. ನಮಗೆ ಮೈಯೆಲ್ಲಾ ಬೆವರುತ್ತೆ, ನಾಯಿಗೆ ಪಾದದ ಅಡಿ ಒಂಚೂರು ಬೆವರೋದು ಬಿಟ್ರೆ ಉಳಿದ ಕೆಲಸ ಎಲ್ಲಾ ನಾಲಗೆ, ಬಾಯಿ, ಮೂಗಿಂದಾನೇ ಆಗ್ಬೇಕು, ಒದ್ದೆಯಾಗಿರೋ ಜಾಗದ ಮೇಲೆ ಗಾಳಿ ಆಡಿಸಿ ನೀರು ಆವಿ ಮಾಡಿ ತಂಪಾಗೋದು. ಮಾಮೂಲಿ ನಾಯಿ ಮೈ ಬಿಸಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, 41 ಮುಟ್ತು ಅಂದ್ರೆ ಒಳಗಿನ ಅಂಗಾಂಗಕ್ಕೆ ಪೆಟ್ಟು ಬೀಳೋಕೆ ಶುರು. ಮಧ್ಯದಲ್ಲಿರೋದು ಎರಡೇ ಡಿಗ್ರಿ ನೋಡಿ. ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು ಸೇರಿ ಮಾಡಿದ ಅಧ್ಯಯನ ಒಂದು 2020ರಲ್ಲಿ ಬಂತು, ಶಾಖದಿಂದ ಕಾಯಿಲೆ ಬಿದ್ದ ನಾಯಿಗಳಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಭಾಗ ವ್ಯಾಯಾಮದಿಂದಾನೇ ಆಗಿದ್ದು, ಬಿಸಿಲಲ್ಲಿ ನಿಲ್ಸಿದ ಕಾರೊಳಗೆ ಸಿಕ್ಕಾಕೊಂಡು ಆಗಿದ್ದು ನೂರಕ್ಕೆ ಐದರಷ್ಟು. ಅದೂ ಆ ತಣ್ಣನೆ ದೇಶದಲ್ಲಿ. ಬರೀ ವಾಕಿಂಗಲ್ಲೇ ಬಿದ್ದ ನಾಯಿಗಳೂ ಅದ್ರಲ್ಲಿದ್ವು.

ಹಂಗಂತ ಮೂರು ತಿಂಗಳು ಮಲಗಿಸಿದ್ರೆ ಸೋಫಾ ಕಿತ್ತಾಕುತ್ತೆ, ದಪ್ಪ ಆಗುತ್ತೆ, ದಪ್ಪ ಆದ್ರೆ ಶಾಖ ಇನ್ನೂ ತಡಿಯಲ್ಲ. ಸೋ ಏನ್ ಮಾಡ್ಬೇಕು ಅಂದ್ರೆ ಕಾಲಿಗೆ ಕೊಡ್ತಿದ್ದ ಕೆಲಸದಲ್ಲಿ ಅರ್ಧ ಮೂಗಿಗೆ ಕೊಡ್ಬೇಕು. ಕೆಳಗೆ ಒಂದೊಂದನ್ನೂ ನೋಡೋದು ಈ ಲೆಕ್ಕದಲ್ಲೇ, ನಾಯಿ ಎಷ್ಟು ಸುಸ್ತಾಗುತ್ತೆ, ಅಷ್ಟು ಸುಸ್ತಿಗೆ ಮೈ ಎಷ್ಟು ಕಾಯುತ್ತೆ ಅಂತ.

ಬೆಳಿಗ್ಗೆನಾ ಸಂಜೆನಾ

ಎರಡರಲ್ಲಿ ಒಂದೇ ಆರಿಸ್ಬೇಕು ಅಂದ್ರೆ ಕಣ್ಮುಚ್ಕೊಂಡು ಬೆಳಿಗ್ಗೆ. ಸುಮಾರು ಜನ ಸಂಜೆ ಆರೂವರೆಗೆ ಸೂರ್ಯ ಮುಳುಗಿದ ಅಂತ ಹೊರಡ್ತಾರೆ, ಆದ್ರೆ ಡಾಂಬರು ರಸ್ತೆ ಇಡೀ ದಿನ ಕುಡಿದ ಬಿಸಿನ ಆಗ ಕಕ್ತಾ ಇರುತ್ತೆ, ನಮ್ಮ ಮುಖ ಐದಡಿ ಮೇಲಿದೆ, ನಾಯಿ ಹೊಟ್ಟೆ ರಸ್ತೆಗೆ ಒಂದಡಿ ದೂರದಲ್ಲಿದೆ, ಡ್ಯಾಶ್‌ಹುಂಡ್ ಆದ್ರೆ ಅಷ್ಟೂ ಇಲ್ಲ. ಗಾಳಿ 30 ಡಿಗ್ರಿ ಇರೋವಾಗ್ಲೇ ಬಿಸಿಲಿಗೆ ಬಿದ್ದ ಡಾಂಬರು 55 ದಾಟ್ಬಹುದು. ಅಂಗೈ ಅಲ್ಲ, ಕೈ ಹಿಂಭಾಗ ರಸ್ತೆ ಮೇಲಿಟ್ಟು ಏಳು ಎಣಿಸಿ, ಆಗ್ಲಿಲ್ಲ ಅಂದ್ರೆ ವಾಪಸ್. ದಿನದಲ್ಲಿ ನೆಲ, ಗಾಳಿ ಎರಡೂ ತಣ್ಣಗಿರೋದು ಬೆಳಕು ಹರಿಯೋ ಸ್ವಲ್ಪ ಮುಂಚೆ. ಬೆಂಗಳೂರಲ್ಲಿ ಏಪ್ರಿಲ್ ಮೇನಲ್ಲಿ ಆರು ಗಂಟೆ ಆಸುಪಾಸು ಸೂರ್ಯ ಹುಟ್ಟೋದು, ಐದೂಕಾಲಿಗೆ ಹೊರಟು ಆರೂವರೆಗೆ ವಾಪಸ್ ಬಂದ್ಬಿಟ್ರೆ ಬೆಸ್ಟು. ಕಲಬುರಗಿ, ರಾಯಚೂರು ಕಡೆಯವರಿಗೆ ಸಂಜೆ ಅನ್ನೋ ಆಯ್ಕೆನೇ ಇಲ್ಲ ಅಂದ್ಕೊಳ್ಳಿ, ಮಧ್ಯಾಹ್ನ 42, 43 ಆದ ದಿನ ರಾತ್ರಿ ಎಂಟಕ್ಕೂ ಕಟ್ಟೆ ಮೇಲೆ ಕೂತ್ರೆ ಬಿಸಿ ಹತ್ತುತ್ತೆ. ಅಲ್ಲಿ ರಾತ್ರಿ ಊಟ ಆದ್ಮೇಲೆ ಮೂತ್ರಕ್ಕೆ ಒಂದು ರೌಂಡು ಅಷ್ಟೇ.

ಬೆಂಗಳೂರಿನವರು ನಮ್ಮೂರು ತಂಪು ಅನ್ನೋ ಹಳೇ ನಂಬಿಕೆ ಮೇಲೆ ನಾಯಿ ಸಾಕ್ಬೇಡಿ, 2016ರ ಏಪ್ರಿಲ್‌ನಲ್ಲಿ ಇಲ್ಲೇ 39.2 ಮುಟ್ಟಿತ್ತು.

ಬೆಳಿಗ್ಗೆಗೂ ಒಂದು ತಲೆನೋವಿದೆ, ಬೀದಿ ನಾಯಿಗಳು. ಆ ಹೊತ್ತಲ್ಲಿ ರಸ್ತೆ ಅವರದ್ದೇ, ಗುಂಪಾಗಿ ಬರ್ತವೆ. ನಾನು ಮಾಡೋದು ಏನಂದ್ರೆ ದಿನಾ ಅದೇ ದಾರಿ, ಅದೇ ಟೈಮು, ಒಂದು ವಾರ ಬೊಗಳ್ತವೆ ಆಮೇಲೆ ತಲೆ ಎತ್ತಿ ನೋಡಿ ಮಲಗ್ತವೆ. ಹೊಸ ದಾರಿ ಹಿಡಿದ್ರೆ ಮತ್ತೆ ಮೊದ್ಲಿಂದ. ಕೈಯಲ್ಲೊಂದು ಛತ್ರಿ ಇರ್ಲಿ, ಹೊಡಿಯೋಕಲ್ಲ, ಪಟ್ ಅಂತ ಬಿಚ್ಚಿದ್ರೆ ಸಾಕು ಹಿಂದೆ ಸರಿತವೆ. ಸಂಜೆ ಹೋಗೋರು ಟಾರ್ಚ್ ಮರೀಬೇಡಿ, ಖಾಲಿ ಸೈಟಿನ ಪಕ್ಕ ಬೇಸಿಗೆ ಸಂಜೆ ಹಾವು ಓಡಾಡ್ತವೆ, ಕೊಳಕುಮಂಡಲದ ಮೇಲೆ ನಾಯಿ ಮೂತಿ ಇಟ್ರೆ ಕಥೆ ಮುಗೀತು.

ಮತ್ತೆ ವಾಕ್ ಅಂದ್ರೆ ಕಿಲೋಮೀಟರ್ ಲೆಕ್ಕ ಅಲ್ಲ. ಎರಡಡಿ ಬೆಲ್ಟ್ ಹಿಡ್ಕೊಂಡು ಎಳ್ಕೊಂಡು ಹೋಗೋ ಬದ್ಲು ಹತ್ತು ಹದಿನೈದಡಿ ಹಗ್ಗ ಹಾಕಿ, ಮಣ್ಣಿರೋ ಕಡೆ ಬಿಟ್ಟು, ಅದು ಎಲ್ಲೆಲ್ಲಿ ಮೂಸ್ಬೇಕು ಅಂತ ನಿಲ್ಲುತ್ತೋ ಅಲ್ಲೆಲ್ಲಾ ನಿಂತ್ಕೊಂಡ್ರೆ ಅರ್ಧ ಗಂಟೇಲಿ ಒಂದು ಕಿಲೋಮೀಟರೂ ಆಗಿರಲ್ಲ, ಆದ್ರೆ ಮನೆಗೆ ಬಂದ್ಮೇಲೆ ನೋಡಿ ಹೆಂಗೆ ನಿದ್ದೆ ಹೊಡಿಯುತ್ತೆ ಅಂತ. ಕಬ್ಬನ್ ಪಾರ್ಕಿನ ಮರದ ಕೆಳಗೆ ಹಗ್ಗ ಹಿಡ್ಕೊಂಡು ಹಿಂಗೆ ಮೂಸಿಸ್ಕೊಂಡು ಓಡಾಡೋದಕ್ಕೂ, ರಿಂಗ್ ರೋಡ್ ಪಕ್ಕ ಮೂರು ಕಿಲೋಮೀಟರ್ ಎಳ್ಕೊಂಡು ಹೋಗೋದಕ್ಕೂ ಹೋಲಿಕೆನೇ ಇಲ್ಲ. ಸೈಕಲ್, ಸ್ಕೂಟರ್ ಪಕ್ಕ ಓಡಿಸೋದು ಬೇಸಿಗೇಲಿ ಬೇಡವೇ ಬೇಡ. ಶೂ ಬಗ್ಗೆ ಕೇಳೋರಿಗೆ: ಪಾದ ಸುಡಲ್ಲ ನಿಜ, ಆದ್ರೆ ಗಾಳಿಯ ಬಿಸಿ ಹಾಗೇ ಇರುತ್ತಲ್ಲ, ಶೂ ಇದೆ ಅನ್ನೋ ಧೈರ್ಯಕ್ಕೆ ಹತ್ತು ಗಂಟೆಗೆ ಕರ್ಕೊಂಡು ಹೋದ್ರೆ ಏನೂ ಉಪಯೋಗ ಇಲ್ಲ.

ನೀರಿನ ಆಟ: ಪೂಲು, ಟಬ್ಬು, ಕೆರೆ, ಕಡಲು

ಕಾಲಿಗೆ ನಿಜವಾದ ಕೆಲಸ ಬೇಕು, ಮೈ ಕಾಯಬಾರದು ಅಂದ್ರೆ ಈಜಿಗಿಂತ ಒಳ್ಳೇದು ಇನ್ನೊಂದಿಲ್ಲ. ಸೊಂಟದ ಕೀಲು ಸರಿಯಿಲ್ಲದ ಲ್ಯಾಬು, ಜರ್ಮನ್ ಶೆಫರ್ಡುಗಳಿಗೆ, ವಯಸ್ಸಾದವಕ್ಕೆ ಭಾರ ಬೀಳದೆ ವ್ಯಾಯಾಮ ಆಗುತ್ತೆ. ಈಗ ಬೆಂಗಳೂರಲ್ಲಿ ನಾಯಿಗಳಿಗೇ ಅಂತ ಪೂಲ್ ಇರೋ ಬೋರ್ಡಿಂಗ್‌ಗಳು ಊರಾಚೆ ಬೇಕಾದಷ್ಟಿವೆ. ಹೋಗೋ ಮುಂಚೆ ಮೂರು ವಿಷ್ಯ ನೋಡಿ: ನೆರಳಿದ್ಯಾ, ನಾಯಿ ಹತ್ತಿ ಬರೋಕೆ ಇಳಿಜಾರು ಇದ್ಯಾ, ಒಂದೇ ಸಲ ಎಷ್ಟು ನಾಯಿ ಬಿಡ್ತಾರೆ. ಲಸಿಕೆ ಪುಸ್ತಕ ಕೇಳದೇ ಒಳಗೆ ಬಿಡೋ ಜಾಗಕ್ಕೆ ನಾನಂತೂ ಹೋಗಲ್ಲ. ಪಗ್, ಬುಲ್‌ಡಾಗ್ ಮುಖ ಮೇಲೆತ್ತಿ ಈಜೋಕೆ ಆಗದೆ ಮುಳುಗ್ತವೆ, ಅವಕ್ಕೆ ಲೈಫ್ ಜಾಕೆಟ್ ಕಡ್ಡಾಯ. ಈಜಾದ್ಮೇಲೆ ಒಳ್ಳೇ ನೀರಲ್ಲಿ ತೊಳೆದು ಕಿವಿ ಒರೆಸ್ಲೇಬೇಕು, ಜೋಲು ಕಿವಿಯವಕ್ಕೆ ಒದ್ದೆ ನಿಂತ್ರೆ ಸೋಂಕು ಗ್ಯಾರಂಟಿ. ಇನ್ನೊಂದು, ನೀರಲ್ಲಿ ಬಾಲ್ ತರಿಸೋ ಆಟ ಗಂಟೆಗಟ್ಟಲೆ ಆಡಿಸಿದ್ರೆ ಬಾಯಿ ತೆರೆದಷ್ಟೂ ಸಲ ನೀರು ಕುಡಿದು ರಕ್ತದಲ್ಲಿ ಸೋಡಿಯಂ ಇಳಿದು ತೂರಾಡೋಕೆ ಶುರು ಮಾಡ್ತವೆ, ಅಪರೂಪ ಆದ್ರೂ ಪ್ರಾಣಕ್ಕೇ ಬರುತ್ತೆ. ಹತ್ತು ನಿಮಿಷಕ್ಕೊಂದು ಸಲ ಮೇಲೆ ಕರೀರಿ.

ಪೂಲಿಗೆ ಹೋಗೋ ದುಡ್ಡು, ದೂರ ಎರಡೂ ಬೇಡ ಅನ್ನೋರಿಗೆ ಮಕ್ಕಳ ಪ್ಲಾಸ್ಟಿಕ್ ಟಬ್ಬು. ಇದು ವ್ಯಾಯಾಮ ಅಂತ ಹೇಳೋಕಾಗಲ್ಲ, ಆದ್ರೆ ಆಟದ ಮಧ್ಯೆ ಮೈ ತಂಪು ಮಾಡ್ಕೊಳ್ಳೋಕೆ ಬೇಕು. ಟೆರೇಸ್ ಮೇಲಿನ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಕಾದಿರುತ್ತೆ, ಅದನ್ನ ತುಂಬ್ಬೇಡಿ, ಸಂಪಿಂದ ಸೇದಿ ಇಲ್ಲಾ ಬೆಳಿಗ್ಗೇನೇ ತುಂಬಿ ನೆರಳಲ್ಲಿಡಿ. 2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು, ಈಜುಕೊಳಕ್ಕೂ ಕುಡಿಯೋ ನೀರು ಬಳಸೋ ಹಂಗಿರ್ಲಿಲ್ಲ, ಅಂಥ ವರ್ಷ ಟಬ್ಬಿಗೆ ಆರ್‌ಒ ಫಿಲ್ಟರಿನ ವೇಸ್ಟ್ ನೀರು ಹಿಡಿದಿಟ್ಕೊಂಡ್ರೆ ಸಾಕು, ಸಂಜೆ ಅದನ್ನೇ ಗಿಡಕ್ಕೆ ಹಾಕಿ. ರಾತ್ರಿ ನೀರು ಬಿಟ್ರೆ ಸೊಳ್ಳೆ.

ಕೆರೆಗೆ ಇಳಿಸ್ಬೇಡಿ. ಹಳ್ಳಿ ಕಡೆ ನಾಯಿಗಳು ಬೀಳ್ತವೆ ಏನೂ ಆಗಲ್ಲ ಅಂತಾರೆ, ಆದ್ರೆ ನಿಂತ ನೀರಲ್ಲಿ ಇಲಿ ಮೂತ್ರದಿಂದ ಬರೋ ಲೆಪ್ಟೋಸ್ಪೈರೋಸಿಸ್ ಇದೆ, ನಾಯಿಯಿಂದ ಮನುಷ್ಯರಿಗೂ ಬರುತ್ತೆ, ಬೇಸಿಗೇಲಿ ನೀರು ಇಂಗಿ ಹಸಿರು ಬಣ್ಣದ ಪಾಚಿ ಕೆನೆಗಟ್ಟಿದ್ರೆ ಅದ್ರಲ್ಲಿ ಕೆಲವು ಗುಟುಕಿಗೇ ಕೊಲ್ಲೋ ವಿಷ. ಬೆಂಗಳೂರಿನ ನೊರೆ ಕೆರೆಗಳ ಬಗ್ಗೆ ಹೇಳೋದೇ ಬೇಡ. ಹೊಳೆನೂ ಅಷ್ಟೇ, ಕೃಷ್ಣೆಯಲ್ಲಿ, ದಾಂಡೇಲಿ ಹತ್ರ ಕಾಳಿಯಲ್ಲಿ ಮೊಸಳೆ ಇವೆ, ನೀರು ಕಮ್ಮಿಯಾದಾಗ ಮಡುಗಳಲ್ಲೇ ಸೇರ್ಕೊಂಡಿರ್ತವೆ.

ಕರಾವಳಿಯವರಿಗೆ ಕಡಲಿದೆಯಲ್ಲ ಅನ್ಸುತ್ತೆ. ತಣ್ಣೀರುಬಾವಿ, ಮಲ್ಪೆ, ಕಾಪು ಯಾವುದಾದ್ರೂ ಬೆಳಿಗ್ಗೆ ಏಳರೊಳಗೆ ಚೆನ್ನಾಗಿರುತ್ತೆ, ಒದ್ದೆ ಮರಳಿನ ಮೇಲೆ ನಡ್ಸಿದ್ರೆ ಕಾಲಿಗೂ ಹಿತ. ಒಣ ಮರಳು ಒಂಬತ್ತಕ್ಕೇ ಸುಡೋಕೆ ಶುರು. ಉಪ್ಪು ನೀರು ಕುಡಿದ್ರೆ ವಾಂತಿ ಭೇದಿ, ಆದ್ರಿಂದ ಸಿಹಿನೀರಿನ ಬಾಟ್ಲಿ ಕೈಯಲ್ಲೇ ಇರ್ಲಿ. ಮೇ ಕೊನೆಗೆ ಕಡಲು ಏರೋಕೆ ಶುರುವಾಯ್ತು ಅಂದ್ರೆ ದಡದಲ್ಲೇ ನಿಲ್ಲಿ. ಮತ್ತೊಂದು ಮುಖ್ಯ ಮಾತು ಮಂಗಳೂರು, ಉಡುಪಿ ಕಡೆಯವರಿಗೆ: ಅಲ್ಲಿ ಥರ್ಮಾಮೀಟರ್ 34 ತೋರಿಸಿದ್ರೂ ಕಲಬುರಗಿಯ 40ಕ್ಕಿಂತ ನಾಯಿಗೆ ಸಲೀಸು ಅಂತ ತಿಳ್ಕೋಬೇಡಿ, ಸೆಕೆ ಗಾಳಿಯಲ್ಲಿ ಮೊದ್ಲೇ ತೇವ ತುಂಬಿರೋದ್ರಿಂದ ನಾಲಗೆ ಮೇಲಿನ ನೀರು ಆವಿ ಆಗೋದೇ ಇಲ್ಲ, ಏದುಸಿರು ಬಿಟ್ಟಿದ್ದೆಲ್ಲಾ ದಂಡ. ಒಣ ಬಿಸಿಯ ಊರಲ್ಲಿ ಮೈ ಒದ್ದೆ ಮಾಡಿ ಫ್ಯಾನ್ ಹಾಕಿದ್ರೆ ತಣ್ಣಗಾಗುತ್ತೆ, ಕರಾವಳಿಯಲ್ಲಿ ಅಷ್ಟು ಆಗಲ್ಲ, ಅಲ್ಲಿ ಆಟದ ಟೈಮೇ ಕಡಿಮೆ ಮಾಡ್ಬೇಕು.

ಮನೆಯೊಳಗೆ

ನನ್ನ ಓಟು ಇದಕ್ಕೇ, ಅದ್ರಲ್ಲೂ ಮೂಸಿ ಹುಡುಕೋ ಆಟಕ್ಕೆ. ಖರ್ಚಿಲ್ಲ. ಹಳೇ ಟರ್ಕಿ ಟವಲ್ ಒಂದು ನೆಲದ ಮೇಲೆ ಹಾಸಿ, ಒಂದು ಹಿಡಿ ಒಣ ಫುಡ್ಡು ಇಲ್ಲಾ ಬೇಯಿಸಿದ ಚಿಕನ್ ಚೂರು ಉದ್ದಕ್ಕೂ ಚೆಲ್ಲಿ, ಸುರುಳಿ ಸುತ್ತಿ, ಮಧ್ಯಕ್ಕೆ ಸಡಿಲವಾಗಿ ಒಂದು ಗಂಟು. ಮೊದ್ಲು ಮೂತಿಯಿಂದ ತಳ್ಳುತ್ತೆ, ಆಮೇಲೆ ಕಾಲಲ್ಲಿ ಒತ್ತಿಹಿಡಿದು ತುದಿ ಕಚ್ಚಿ ಎಳೆಯುತ್ತೆ, ಒಂದೊಂದೇ ಚೂರು ಬಿದ್ದಂಗೂ ಉಸಿರು ಫುಸ್ ಫುಸ್ ಅಂತ ಬದಲಾಗೋದು ಕೇಳುತ್ತೆ, ಬಾಲ ಮಾತ್ರ ನಿಲ್ಲಲ್ಲ. ಇದು ಸುಲಭ ಆಯ್ತು ಅಂದ್ರೆ ಐದಾರು ಸ್ಟೀಲ್ ಲೋಟ ಬೋರಲು ಹಾಕಿ ಒಂದರ ಕೆಳಗೆ ಮಾತ್ರ ತಿಂಡಿ ಇಡಿ. ಅದೂ ಆಯ್ತು ಅಂದ್ರೆ ಬೇರೆ ರೂಮಲ್ಲಿ ಕೂರಿಸಿ ಬಾಗಿಲು ಹಾಕಿ ಇಡೀ ಮನೇಲಿ ಬಚ್ಚಿಟ್ಟು ಬಿಡಿ, ಪರದೆ ಹಿಂದೆ, ಚಪ್ಪಲಿ ಸ್ಟ್ಯಾಂಡಿನ ಕೆಳಗೆ, ದಿವಾನದ ಸಂದಿ. ಹದಿನೈದು ನಿಮಿಷ ಸಾಕು, ಗಮನ ಇಟ್ಟು ಮೂಸೋದು ಭಾರಿ ಕೆಲಸ, ಆದ್ರೆ ಮೈ ಕಾಯಲ್ಲ. ಅವತ್ತಿನ ಊಟದಲ್ಲೇ ಕಳೆದು ಕೊಡಿ, ಮೇಲಿಂದ ಬೇರೆ ಸುರಿಬೇಡಿ, ಓಡಾಟ ಕಮ್ಮಿಯಾದಾಗ ಊಟನೂ ಒಂದು ಹಿಡಿ ಕಮ್ಮಿ ಆಗ್ಲೇಬೇಕು, ಲ್ಯಾಬ್ ಎಷ್ಟೇ ಮುಖ ಮಾಡ್ಲಿ. ಮಧ್ಯಾಹ್ನ ಉಪ್ಪು, ಒಗ್ಗರಣೆ ಇಲ್ಲದ ಮಜ್ಜಿಗೆನೋ ರಾಗಿ ಅಂಬಲಿನೋ ಡಬ್ಬೀಲಿ ಹಾಕಿ ಫ್ರೀಜರಲ್ಲಿ ಗಡ್ಡೆ ಕಟ್ಟಿಸಿ ಕೊಟ್ರೆ ಅರ್ಧ ಗಂಟೆ ನೆಕ್ತಾ ಕೂರುತ್ತೆ, ಅದೂ ಒಂದು ಕೆಲಸವೇ. ಮಾವಿನಹಣ್ಣಿನ ಓಟೆ ಮಾತ್ರ ಕೈಗೆ ಸಿಗದಂಗೆ ನೋಡ್ಕೊಳ್ಳಿ, ನುಂಗಿದ್ರೆ ಕರುಳಲ್ಲಿ ಸಿಕ್ಕಾಕೊಂಡು ಆಪರೇಷನ್ನೇ ಗತಿ.

ಹಗ್ಗ ಎಳೆಯೋ ಆಟ ಎರಡನೇ ಸ್ಥಾನ. ಬಾಲಿಗಿಂತ ಯಾಕೆ ಮೇಲು ಅಂದ್ರೆ ನಿಲ್ಸೋದು ನಿಮ್ಮ ಕೈಯಲ್ಲಿದೆ, ಮೂರು ನಿಮಿಷ ಎಳೆದು ಬಿಡು ಅಂದು ಕೂರಿಸಿ ಮತ್ತೆ ಶುರು ಮಾಡ್ಬಹುದು. ಟೈಲ್ಸ್ ಮೇಲೆ ಜಾರುತ್ತೆ, ಹಳೇ ಜಮಖಾನ ಹಾಸಿ. ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿಸೋದು ಸುಮಾರು ಜನ ಮಾಡ್ತಾರೆ, ಬಲಿಷ್ಠ ನಾಯಿಗೆ ಓಕೆ, ಆದ್ರೆ ಮರಿಗಳಿಗೆ, ಡ್ಯಾಶ್‌ಹುಂಡಿಗೆ, ಸೊಂಟದ ತೊಂದ್ರೆ ಇರೋವಕ್ಕೆ ಬೇಡ, ಮತ್ತೆ ಗಾಳಿ ಆಡದ ಮೆಟ್ಟಿಲು ಬಾವಿ ಮಧ್ಯಾಹ್ನ ಒಲೆ ಥರ ಕಾದಿರುತ್ತೆ ಅನ್ನೋದು ಮರೀಬೇಡಿ.

ಟ್ರೆಡ್‌ಮಿಲ್? ಎಸಿ ರೂಮಲ್ಲಿ ಇಟ್ಕೊಂಡಿರೋರಿಗೆ, ಹಸ್ಕಿ, ಡಾಬರ್‌ಮನ್ ಥರ ಓಡ್ಲೇಬೇಕು ಅನ್ನೋ ನಾಯಿಗೆ ಪರವಾಗಿಲ್ಲ. ಮನುಷ್ಯರ ಮಿಷನ್ನಿನ ಪಟ್ಟಿ ದೊಡ್ಡ ನಾಯಿಯ ಹೆಜ್ಜೆಗೆ ಗಿಡ್ಡ ಆಗುತ್ತೆ, ಬೆಲ್ಟ್ ಕಟ್ಟಿಹಾಕಿ ಓಡಿಸೋದಂತೂ ಯಾವತ್ತೂ ಬೇಡ, ಜಾರಿದ್ರೆ ಕುತ್ತಿಗೆಗೆ ಬಿಗಿಯುತ್ತೆ. ದುಡ್ಡು ಹಾಕೋ ಮುಂಚೆ ಒಂದು ತಿಂಗಳು ಟವಲ್ ಆಟ ಆಡಿಸಿ ನೋಡಿ, ಆಮೇಲೂ ಬೇಕು ಅನ್ಸಿದ್ರೆ ತಗೊಳ್ಳಿ.

ಬೆಟ್ಟದ ಕಡೆ ಹೋದ್ರೆ?

ಬೇಸಿಗೆ ರಜೆ ಅಂತ ಚಿಕ್ಕಮಗಳೂರು, ಮಡಿಕೇರಿಗೆ ನಾಯಿನೂ ಹತ್ತಿಸ್ಕೊಂಡು ಹೋಗೋರು ಜಾಸ್ತಿ ಆಗಿದ್ದಾರೆ. ಬೆಂಗಳೂರೇ 900 ಮೀಟರ್ ಎತ್ತರದಲ್ಲಿದೆ, ಮಡಿಕೇರಿ 1100 ಚಿಲ್ಲರೆ, ಅಷ್ಟಕ್ಕೆ ಸಿಗೋದು ಒಂದೆರಡು ಡಿಗ್ರಿ. ನಿಜವಾಗ್ಲೂ ಸಿಗೋದು ನೆರಳು, ಮಣ್ಣು ದಾರಿ, ಮೂಸೋಕೆ ಹೊಸ ಹೊಸ ವಾಸನೆ, ಅದಕ್ಕೋಸ್ಕರ ಹೋಗೋದಾದ್ರೆ ಸೈ. ತಂಪೇ ಬೇಕು ಅಂದ್ರೆ 2200 ಮೀಟರಿನ ಊಟಿ. ರೈಲಲ್ಲಿ ಆದ್ರೆ ಫಸ್ಟ್ ಎಸಿ ಕೂಪೆ ಸಿಕ್ಕಿದ್ರೆ ಮಾತ್ರ ಹೋಗಿ, ಏಪ್ರಿಲ್‌ನಲ್ಲಿ ಗಾರ್ಡ್ ವ್ಯಾನಿನ ನಾಯಿ ಪೆಟ್ಟಿಗೇಲಿ ಹಾಕೋದು ಶಿಕ್ಷೆ.

ಮಲೆನಾಡಿಗೆ ಹೋಗೋರು ಉಣ್ಣಿ ವಿಷ್ಯ ಲಘುವಾಗಿ ತಗೋಬೇಡಿ. ಮಂಗನ ಕಾಯಿಲೆ ಮೊದ್ಲು ಸಿಕ್ಕಿದ್ದೇ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ, ಅದರ ಸೀಸನ್ ಡಿಸೆಂಬರಿಂದ ಮೇವರೆಗೆ, ಅಂದ್ರೆ ಸರಿಯಾಗಿ ನಿಮ್ಮ ರಜೆ ಟೈಮಿಗೆ. ಕಾಡಿನ ತರಗೆಲೆ ಮೇಲೆ ನಾಯಿ ಬಿಟ್ರೆ ಅದು ಉಣ್ಣಿ ಹೊತ್ಕೊಂಡು ನಿಮ್ಮ ಹಾಸಿಗೆಗೇ ತರುತ್ತೆ. ಹೋಗೋ ಮುಂಚೆ ಡಾಕ್ಟ್ರ ಹತ್ರ ಉಣ್ಣಿ ಮಾತ್ರೆ ಕೇಳಿ ಹಾಕ್ಸಿ, ದಿನಾ ಸಂಜೆ ಕಿವಿ ಒಳಗೆ, ಬೆರಳ ಸಂದಿ, ಬಾಲದ ಬುಡ ಕೈಯಾಡಿಸಿ ನೋಡಿ. ಬಂಡೀಪುರ, ನಾಗರಹೊಳೆ, ಕುದುರೆಮುಖ ಥರದ ಸಂರಕ್ಷಿತ ಕಾಡೊಳಗೆ ಸಾಕುನಾಯಿ ಬಿಡಲ್ಲ, ಟ್ರೆಕ್ ಪ್ಲಾನ್ ಮಾಡೋರು ಇದನ್ನ ಮೊದ್ಲೇ ತಿಳ್ಕೊಳ್ಳಿ. ಹೋಮ್‌ಸ್ಟೇಲಿ ರಾತ್ರಿ ನಾಯಿ ಒಳಗೇ ಮಲಗ್ಲಿ, ಚಿರತೆಗೆ ಅಂಗಳದ ನಾಯಿಗಿಂತ ಸುಲಭದ ಊಟ ಇಲ್ಲ.

ಸರಿ, ನಿಮ್ಮ ನಾಯಿಗೆ ಯಾವುದು

ಪಗ್, ಶಿಟ್ಸು, ಬುಲ್‌ಡಾಗ್, ಬಾಕ್ಸರ್ ಇಂಥ ಚಪ್ಪಟೆ ಮೂತಿಯವು ಇದ್ರೆ ಮನೆಯೊಳಗಿನ ಆಟವೇ ಮುಖ್ಯ, ಬೆಳಿಗ್ಗೆ ಹತ್ತು ಹದಿನೈದು ನಿಮಿಷ ಹೊರಗೆ, ಮುಗೀತು. ಅವಕ್ಕೆ ಉಸಿರಿನ ದಾರಿನೇ ಇಕ್ಕಟ್ಟು, ತಂಪಾಗೋ ಮಿಷನ್ನೇ ಚಿಕ್ಕದು. ಕುತ್ತಿಗೆ ಬೆಲ್ಟ್ ಬೇಡ, ಎದೆಗೆ ಹಾಕೋ ಹಾರ್ನೆಸ್ ಇರ್ಲಿ. ಲ್ಯಾಬು, ಗೋಲ್ಡನ್ ಇದ್ರೆ ವಾರಕ್ಕೊಂದೆರಡು ಸಲ ಈಜು, ಉಳಿದ ದಿನ ಬೆಳಿಗ್ಗೆ ಮೂಸೋ ವಾಕು. ನಮ್ಮ ಬೀದಿ ತಳಿಗಳು ಇವೆಲ್ಲಕ್ಕಿಂತ ಗಟ್ಟಿ, ತಮಗೆ ಸಾಕಾದ್ರೆ ನೆರಳಲ್ಲಿ ಕೂತ್ಬಿಡ್ತವೆ, ನೀವು ಎಳೆದ್ರೂ ಏಳಲ್ಲ, ಆ ಬುದ್ಧಿನ ಗೌರವಿಸಿ. ಆದ್ರೆ ಹಗಲೆಲ್ಲಾ ಎಸಿಲಿ ಮಲಗೋ ಇಂಡಿ ನಾಯಿನ ಇದು ದೇಸಿ ತಡ್ಕೊಳ್ಳುತ್ತೆ ಅಂತ ಹನ್ನೊಂದು ಗಂಟೆಗೆ ಓಡಿಸ್ಬೇಡಿ, ಬಿಸಿಲಿಗೆ ಮೈ ಹೊಂದಿಕೊಳ್ಳೋದು ತಳಿಗಿಂತ ದಿನನಿತ್ಯದ ಅಭ್ಯಾಸದಿಂದ.

ಮುಧೋಳದ ನಾಯಿ ಸಾಕಿರೋರು ನಮ್ದು ಬಾಗಲಕೋಟೆ ಬಿಸಿಲಲ್ಲೇ ಬೆಳೆದ ತಳಿ ಅಂತಾರೆ, ನಿಜ, ತೆಳ್ಳನೆ ಮೈ, ಗಿಡ್ಡ ಕೂದಲು, ಶಾಖ ಬೇಗ ಬಿಡುತ್ತೆ. ಆದ್ರೆ ಅದು ಬಾಣದಂಗೆ ಒಂದೇ ಸಲ ಓಡೋ ಬೇಟೆ ನಾಯಿ, ಒಂದೇ ಓಟಕ್ಕೆ ಮೈಯಲ್ಲಿ ಭಾರಿ ಶಾಖ ಹುಟ್ಟುತ್ತೆ. ಬೇಲಿ ಹಾಕಿದ ಹೊಲದಲ್ಲಿ ಬೆಳಕು ಹರಿಯೋ ಹೊತ್ತಿಗೆ ಎರಡು ಮೂರು ಓಟ ಬಿಟ್ಟು ಹಗ್ಗ ಹಾಕ್ಬಿಡಿ. ಹಸ್ಕಿ, ಪೊಮೇರಿಯನ್ ಇರೋರು ತಲೆ ಬೋಳಿಸಿದಂಗೆ ಮೈಯೆಲ್ಲಾ ಶೇವ್ ಮಾಡಿಸ್ಬೇಡಿ, ಆ ಎರಡು ಪದರದ ಕೂದಲು ಬಿಸಿಲಿನಿಂದ ಚರ್ಮನ ಕಾಪಾಡುತ್ತೆ, ಉದುರೋ ಒಳಗೂದಲು ಬಾಚಿ ತೆಗೆದ್ರೆ ಸಾಕು.

ಯಾವ ಆಯ್ಕೆ ಮಾಡಿದ್ರೂ ನಾಲಗೆ ಮೇಲೆ ಕಣ್ಣಿರ್ಲಿ. ಮಾಮೂಲಿ ಏದುಸಿರಲ್ಲಿ ನಾಲಗೆ ಸಣ್ಣಗೆ ಹೊರಗಿರುತ್ತೆ, ಶಾಖ ಏರಿದಾಗ ತುದಿ ಅಗಲ ಆಗಿ ಮೇಲಕ್ಕೆ ಬಾಗುತ್ತೆ, ಒಸಡು ಕಡುಗೆಂಪಾಗುತ್ತೆ, ಜೊಲ್ಲು ಅಂಟಂಟಾಗಿ ಎಳೆ ಎಳೆ ಬರುತ್ತೆ, ಕರೆದ್ರೆ ತಿರುಗಿ ನೋಡಲ್ಲ. ಹಿಂಗಾಲು ತೂರಾಡ್ತು, ವಾಂತಿ ಆಯ್ತು ಅಂದ್ರೆ ಕಾರಿನ ಕೀ ಹುಡುಕೋ ಮೊದ್ಲು ನೀರು ಹುಡುಕಿ. ನಲ್ಲಿ ಇದ್ರೆ ನಲ್ಲಿ, ಸಂಪಿದ್ರೆ ಬಕೆಟ್, ಮೈಯೆಲ್ಲಾ ತೋಯಿಸಿ, ಹೊಟ್ಟೆ, ತೊಡೆ ಸಂದಿಗೆ ಹುಯ್ದು ಫ್ಯಾನ್ ಹಾಕಿ, ಫ್ಯಾನ್ ಇಲ್ಲ ಅಂದ್ರೆ ರಟ್ಟಲ್ಲಿ ಬೀಸಿ. ಒದ್ದೆ ಟವಲ್ ಹೊದಿಸಿ ಬಿಡಬೇಡಿ, ಅದು ಶಾಖ ಒಳಗೇ ಹಿಡಿಯುತ್ತೆ. ಬಾಯಿಗೆ ಬಲವಂತವಾಗಿ ನೀರು ಹುಯ್ಯಬೇಡಿ, ತಾನಾಗಿ ಕುಡಿದ್ರೆ ಕುಡೀಲಿ. ಒದ್ದೆ ಮೈಯಲ್ಲೇ ಎಸಿ ಹಾಕಿದ ಕಾರಲ್ಲಿ ಹತ್ರದ ಪ್ರಾಣಿ ಡಾಕ್ಟ್ರ ಹತ್ರ ಹೊರಡಿ, ದಾರೀಲಿ ಫೋನ್ ಮಾಡಿ ತಿಳಿಸಿ. ಅಷ್ಟರಲ್ಲಿ ನಾಯಿ ಎದ್ದು ಬಾಲ ಆಡಿಸಿದ್ರೂ ಅರ್ಧ ದಾರಿಯಿಂದ ವಾಪಸ್ ಬರ್ಬೇಡಿ, ಕಿಡ್ನಿ, ಲಿವರಿಗೆ ಬಿದ್ದ ಪೆಟ್ಟು ಗೊತ್ತಾಗೋದು ಮಾರನೇ ದಿನವೋ ಅದರ ಮಾರನೇ ದಿನವೋ, ಅದಕ್ಕೆ ರಕ್ತ ಪರೀಕ್ಷೆ ಆಗ್ಲೇಬೇಕು.